ಗೇರ್‌ಬಾಕ್ಸ್ ಕೋಣೆಗೆ ಬಂದ ಸೋಫಾ

ಸೋಫಾ ಬಂದದ್ದು ಒಂದು ಬುಧವಾರ, ಬೆಳಗಿನ ಟೀ ಹೊತ್ತಿಗೆ. ನಾಲ್ಕು ಜನ ಹೊತ್ತು ತಂದು ಗ್ಯಾರೇಜಿನ ನಡುದಾರಿಯಲ್ಲಿ, ಗೇರ್‌ಬಾಕ್ಸ್ ಕೋಣೆಯ ಬಾಗಿಲಿಗೆ ಸರಿಯಾಗಿ ಅಡ್ಡ ಇಟ್ಟು ಹೋದರು. ಮೂರು ಜನ ಕೂರುವಂಥದ್ದು, ಕಂದು ಬಣ್ಣ, ಮೈತುಂಬ ಪ್ಲಾಸ್ಟಿಕ್ ಹೊದಿಕೆ. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದರಲ್ಲಿ ಗ್ರೀಸಿನ ಡಬ್ಬಿ ಹಿಡಿದು ಒಳಗಿನಿಂದ ಬಂದ ಅತ್ತಿಗೆ ಅದಕ್ಕೆ ಮೊಣಕಾಲು ತಗುಲಿಸಿಕೊಂಡು, "ಇದ್ಯಾವ ಗಾಡಿದು?" ಎಂದರು.

ಇಪ್ಪತ್ತೆಂಟು ವರ್ಷದಿಂದ ಆ ಬಾಗಿಲಿಗೆ ಬಂದು ನಿಂತದ್ದೆಲ್ಲ ಯಾವುದಾದರೊಂದು ಗಾಡಿಯ ಭಾಗವೇ ಆಗಿದ್ದರಿಂದ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

"ಗಾಡಿದಲ್ಲ ಅತ್ತಿಗೆ, ಲೌಂಜಿಂದು" ಎಂದ ಮೈದುನ.

ಮೈದುನ ಕೆಟ್ಟವನಲ್ಲ. ಗ್ಯಾರೇಜಿನ ಜವಾಬ್ದಾರಿ ಅವನ ತಲೆಯ ಮೇಲಿತ್ತು, ತಲೆಯ ಮೇಲಿನ ಕೂದಲು ಆ ಜವಾಬ್ದಾರಿಗೆ ಜಾಗ ಬಿಟ್ಟುಕೊಟ್ಟು ಹಿಂದೆ ಸರಿದಿತ್ತು. ಹಿಂದಿನ ತಿಂಗಳು ಯಾವುದೋ ಹೋಟೆಲಿನಲ್ಲಿ ನಡೆದ ಎರಡು ದಿನದ ವ್ಯಾಪಾರ ಶಿಬಿರಕ್ಕೆ ಹೋಗಿ ಬಂದಿದ್ದ. ಹೋಗುವಾಗ ಜೇಬಿನಲ್ಲಿ ಟೆಸ್ಟರ್ ಇತ್ತು, ಬರುವಾಗ ಪೆನ್ನಿತ್ತು. ಅಂದಿನಿಂದ ಅವನ ಬಾಯಲ್ಲಿ 'ಗಿರಾಕಿ' ಹೋಗಿ 'ಅತಿಥಿ' ಬಂದಿತ್ತು. ಚಕ್ರಕ್ಕೆ ಗಾಳಿ ಹಾಕಿಸಲು ಬಂದವನೂ ಅತಿಥಿಯೇ. ಅತಿಥಿಗಳೆಂದ ಮೇಲೆ ಕೂರಲು ಜಾಗ ಬೇಡವೆ? ಇಡೀ ಗ್ಯಾರೇಜಿನಲ್ಲಿ ರಸ್ತೆಯ ಕಡೆ ಕಿಟಕಿಯಿದ್ದದ್ದು ಗೇರ್‌ಬಾಕ್ಸ್ ಕೋಣೆಗೆ ಮಾತ್ರ.

"ನೋಡಿ ಅತ್ತಿಗೆ, ಈಗ ಬರೋ ಕಾರೆಲ್ಲ ಆಟೋಮ್ಯಾಟಿಕ್ಕು. ಹೋದ ತಿಂಗಳು ಈ ಕೋಣೆಗೆ ಎಷ್ಟು ಗೇರ್‌ಬಾಕ್ಸ್ ಬಂತು ಹೇಳಿ? ಎರಡು. ಅದರಲ್ಲಿ ಒಂದು ನಮ್ಮ ವ್ಯಾನಿಂದೇ. ಇಲ್ಲಿ ಗಾಜಿನ ಗೋಡೆ ಹಾಕಿಸ್ತೀನಿ, ಸೋಫಾ ಹಾಕ್ತೀನಿ, ಆ ಮೂಲೇಲಿ ಒಂದು ಮೀನಿನ ತೊಟ್ಟಿ..."

"ಮೀನು ಏನು ರಿಪೇರಿ ಮಾಡುತ್ತೆ?"

"ಅತ್ತಿಗೆ!"

"ಅಲ್ಲಪ್ಪ, ತಿಳ್ಕೊಳ್ಳೋಣ ಅಂತ ಕೇಳ್ದೆ. ಮೀನು ಅಲ್ಲಿ, ಅತಿಥಿ ಇಲ್ಲಿ. ನಾನೆಲ್ಲಿ?"

"ಇನ್ನೂ ಎಷ್ಟು ದಿನ ಅಂತ ಕೈ ಕಪ್ಪು ಮಾಡ್ಕೋತೀರಿ? ಮುಂದೆ ಕೌಂಟರಲ್ಲಿ ಕೂತ್ಕೊಳ್ಳಿ. ಫ್ಯಾನಿದೆ, ಫೋನಿದೆ. ಗೌರವವಾಗಿರುತ್ತೆ."

ಅತ್ತಿಗೆ ತಮ್ಮ ಕೈ ನೋಡಿಕೊಂಡರು. ಎಷ್ಟು ತಿಕ್ಕಿದರೂ ಉಗುರಿನ ಅಂಚಿಗೆ ಒಂದು ಕಪ್ಪು ಗೆರೆ ಉಳಿದೇ ಇರುತ್ತಿತ್ತು. ಅದನ್ನು ಅಗೌರವವೆಂದು ಅವರು ಇದುವರೆಗೆ ಭಾವಿಸಿರಲಿಲ್ಲ.

ಅವರು ನಿಜಕ್ಕೂ ಅತ್ತಿಗೆಯಾಗಿದ್ದದ್ದು ಮೈದುನನೊಬ್ಬನಿಗೆ ಮಾತ್ರ. ಅವನು ದಿನಕ್ಕೆ ನೂರು ಸಲ ಕೂಗಿ ಕೂಗಿ ಮೆಕ್ಯಾನಿಕ್ಕುಗಳಿಗೂ ಅತ್ತಿಗೆಯಾದರು, ಬಿಡಿಭಾಗದ ಅಂಗಡಿಯವನಿಗೂ ಆದರು, ಎಪ್ಪತ್ತು ದಾಟಿದ ಲೇತ್ ಮೇಸ್ತ್ರಿಗೂ ಆದರು. ಒಂದು ದಿನ ಊಟದ ಕ್ಯಾರಿಯರ್ ತಂದ ಅವರ ಯಜಮಾನರೇ ಆ ಗದ್ದಲದಲ್ಲಿ ಬಾಯಿತಪ್ಪಿ "ಅತ್ತಿಗೆ, ಊಟ" ಎಂದುಬಿಟ್ಟರು. ಆಮೇಲೆ ಒಂದು ವಾರ ಕ್ಯಾರಿಯರನ್ನು ಗೇಟಿನಲ್ಲೇ ಇಟ್ಟು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಯಜಮಾನರು ಲೈಬ್ರರಿಯಲ್ಲಿ ಕೆಲಸಕ್ಕಿದ್ದರು. ಗ್ಯಾರೇಜಿನ ಮನೆಗೆ ಹಿರಿಮಗನಾಗಿ ಹುಟ್ಟಿಯೂ ಗ್ರೀಸಿನ ವಾಸನೆಗೆ ಸೀನುವ ಮನುಷ್ಯ. ಹಾಗಾಗಿ ಅಪ್ಪನ ವಿದ್ಯೆ ಹಿರಿಮಗನನ್ನು ದಾಟಿ ಸೊಸೆಗೆ ಬಂತು. ಬಂದ ಬಗೆಯೂ ಸೊಗಸಾದದ್ದೇ. ಮದುವೆಯಾದ ಎರಡನೇ ವಾರ ಮಾವನವರಿಗೆ ಟೀ ಕೊಡಲು ಹೋದಾಗ ಅವರು ಡಯಲ್ ಗೇಜ್ ಹಿಡಿದು ಒದ್ದಾಡುತ್ತಿದ್ದರು. ಪುಟ್ಟ ಗಡಿಯಾರದಂಥ ಸಾಧನ, ಒಂದೇ ಮುಳ್ಳು, ಸುತ್ತ ನೂರು ಗೀಟು. ಒಂದು ಗೀಟೆಂದರೆ ಒಂದು ಮಿಲಿಮೀಟರಿನಲ್ಲಿ ನೂರನೇ ಒಂದು ಪಾಲು.

"ಈ ಮುಳ್ಳು ನಂಗೆ ಎರಡೆರಡು ಕಾಣುತ್ತಮ್ಮ. ಎಲ್ಲಿದೆ ನೋಡಿ ಹೇಳು?"

"ಹದಿನಾಲ್ಕರಲ್ಲಿದೆ ಮಾವ."

ಹೀಗೆ ಸೊಸೆಯ ಕಣ್ಣು, ಮಾವನ ಕೈ ಸೇರಿ ಮೂರು ತಿಂಗಳು ಕೆಲಸ ನಡೆಯಿತು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಸೊಸೆ, "ಹದಿನಾಲ್ಕರಲ್ಲಿದೆ ಮಾವ. ಆದ್ರೆ ಹದಿನಾಲ್ಕು ಇರಬಾರದು, ಅಲ್ವಾ?" ಎಂದಳು. ಮಾವ ಸ್ಪ್ಯಾನರನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಮುಂದೆ ಅವರು ಕೆಲಸ ನಿಲ್ಲಿಸಿದಾಗ ಗೇಜನ್ನು ಅದರ ಮರದ ಪೆಟ್ಟಿಗೆ ಸಮೇತ ಅವಳಿಗೇ ಕೊಟ್ಟರು. ಜೊತೆಗೆ ಒಂದೇ ಒಂದು ಕಟ್ಟುಪಾಡು: "ಬಿಚ್ಚಿದ್ದನ್ನ ಮತ್ತೆ ಜೋಡಿಸಿದ್ಮೇಲೆ ಮತ್ತೆ ಅಳೀಬೇಕು. ಬೆಳಿಗ್ಗೆ ಅಳೆದಿದ್ದೆ ಅನ್ನೋ ಮಾತು ನನ್ನ ಹತ್ರ ಬೇಡ."

ಅತ್ತಿಗೆ ಆ ಮಾತನ್ನು ಮೀರಿದವರಲ್ಲ. ಬಸ್ಸಿನಲ್ಲಿ ಕೂತು, ಡ್ರೈವರು ಗೇರು ಬದಲಿಸಿದ ಸದ್ದಿಗೆ "ಎರಡನೇದು ಸವೆದಿದೆ" ಎಂದು ತಮ್ಮಷ್ಟಕ್ಕೆ ಗೊಣಗುವರು. ನೆಂಟರ ಮನೆಗೆ ಹೋದರೆ ಊಟಕ್ಕೆ ಮುಂಚೆ ಯಾರಾದರೂ "ನಮ್ಮ ಕಾರು ಒಂಚೂರು ಕೇಳಿಸ್ಕೊಳ್ಳಿ" ಎಂದು ಹೊರಗೆ ಕರೆದೊಯ್ಯುವರು. ಹಾಗೆಂದು ಅವರಿಗೆ ಜಂಬವಿರಲಿಲ್ಲವೆಂದರೆ ಅವರೇ ನಕ್ಕಾರು. ಅವರ ಮೇಜಿನ ಧೂಳನ್ನು ಅವರಲ್ಲದೆ ಇನ್ನೊಬ್ಬರು ಒರೆಸುವಂತಿರಲಿಲ್ಲ. ಆಟೋಮ್ಯಾಟಿಕ್ ಕಾರನ್ನು ಅವರು ಕಾರೆಂದು ಒಪ್ಪುತ್ತಲೂ ಇರಲಿಲ್ಲ. "ಸುಮ್ನೆ ನಿಂತ್ಕೊಂಡ್ರೆ ಕರ್ಕೊಂಡು ಹೋಗೋದಕ್ಕೆ ಲಿಫ್ಟ್ ಅಂತಾರೆ" ಎನ್ನುವರು.

ಸೋಫಾ ಬಂದ ಮರುದಿನವೇ ಹಲ್ಲಿನ ಡಾಕ್ಟರ ಕಾರು ಬಂತು. ತಾನಾಗಿ ಬರಲಿಲ್ಲ, ಕಟ್ಟಿ ಎಳೆಸಿಕೊಂಡು ಬಂತು. ಎರಡೇ ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರು, ಹಿಂದಿನ ಚಕ್ರಗಳು ತಳ್ಳಿ ಓಡಿಸುವಂಥದ್ದು. ಡಾಕ್ಟರು ಅದರ ಇಂಜಿನ್ನಿಗೆ ದೊಡ್ಡ ಟರ್ಬೊ ಹಾಕಿಸಿ ಶಕ್ತಿಯನ್ನು ಎರಡರಷ್ಟು ಮಾಡಿಸಿದ್ದರು. ಮನೆಯಿಂದ ಕ್ಲಿನಿಕ್ಕಿಗೆ ಹನ್ನೊಂದು ನಿಮಿಷದ ದಾರಿ, ನಡುವೆ ನಾಲ್ಕು ಸಿಗ್ನಲ್ಲು. ಇಷ್ಟು ದೂರಕ್ಕೆ ಅಷ್ಟು ಶಕ್ತಿ ಏತಕ್ಕೆಂದು ಕೇಳಿದವರಿಗೆ ಅವರು, "ಅದು ಒಳಗಿಂದ ಬರಬೇಕು" ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ಒಂದೇ ವರ್ಷದಲ್ಲಿ ಅದರ ಮೂರನೇ ಗೇರಿನ ಹಲ್ಲುಗಳು ಎರಡು ಸಲ ಮುರಿದು, ಎರಡು ಸಲವೂ ಅತ್ತಿಗೆಯ ಮೇಜಿಗೆ ಬಂದಿದ್ದವು. ಇದು ಮೂರನೆಯ ಸಲ.

"ಮತ್ತೆ ಅದೇನಾ?" ಎಂದರು ಡಾಕ್ಟರು.

ಅತ್ತಿಗೆ ಗೇರ್‌ಬಾಕ್ಸಿನ ತಳದ ಬೋಲ್ಟು ಬಿಚ್ಚಿ ಎಣ್ಣೆಯನ್ನು ತಟ್ಟೆಗೆ ಇಳಿಸಿದರು. ಅದರ ಹಿಂದೆಯೇ ಟಣ್ ಟಣ್ ಎಂದು ಮೂರು ಹಲ್ಲು ಬಿದ್ದವು.

"ನಿಮ್ಮ ಕಸುಬಿನವೇ, ನೀವೇ ನೋಡ್ಕೊಳ್ಳಿ. ಇಂಜಿನ್ನಿಗೆ ಪೈಲ್ವಾನನ ತೋಳು ಕೊಟ್ಟಿದ್ದೀರಿ ಡಾಕ್ಟ್ರೇ, ಮಣಿಕಟ್ಟು ಮಾತ್ರ ಮಗೂದು. ನೂರು ಸಲ ಕಟ್ಟಿದ್ರೂ ನೂರು ಸಲ ಮುರಿಯುತ್ತೆ."

"ಹಾಗಾದ್ರೆ?"

"ಮಣಿಕಟ್ಟೇ ಬದಲಾಯಿಸ್ಬೇಕು. ದೊಡ್ಡ ಗಾಡಿದು, ದಪ್ಪ ಶಾಫ್ಟಿಂದು, ಆರು ಗೇರಿಂದು ತಂದು ಕೂರಿಸ್ಬೇಕು."

"ಕೂರುತ್ತಾ?"

"ತಾನಾಗಿ ಕೂರಲ್ಲ. ನಾವು ಕೂರಿಸ್ಬೇಕು."

ಡಾಕ್ಟರ ಕಾರು ಕ್ಲಬ್ಬಿನವರು ವರ್ಷಕ್ಕೊಮ್ಮೆ ಸೇರುತ್ತಿದ್ದರು. ಇನ್ನು ನಾಲ್ಕು ವಾರಕ್ಕೆ, ಭಾನುವಾರ ಬೆಳಿಗ್ಗೆ, ಆ ಮೇಳ. ಮೈದುನನ ಕಣ್ಣು ಒಮ್ಮೆ ಕಾರಿನ ಮೇಲೆ, ಒಮ್ಮೆ ಸೋಫಾದ ಮೇಲೆ ಓಡಾಡಿತು. ಡಾಕ್ಟರು ಹೊರಟ ಮೇಲೆ ಅವನು ಪೆನ್ನು ತೆಗೆದು, ಬರೆಯಲು ಏನೂ ಇಲ್ಲದೆ ಮತ್ತೆ ಜೇಬಿಗೆ ಸಿಕ್ಕಿಸಿ, ಶಿಬಿರದ ಧ್ವನಿಯಲ್ಲಿ ಹೇಳಿದ: "ಅತ್ತಿಗೆ, ಒಂದು ಮಾತು. ಈ ಕಾರು ಮೇಳಕ್ಕೆ ಸರಿಯಾಗಿ ಓಡ್ಕೊಂಡು ಹೋದ್ರೆ ಈ ಕೋಣೆ ವಿಷಯ ನಾನು ಮತ್ತೆ ಎತ್ತಲ್ಲ. ಹೋಗ್ಲಿಲ್ಲ ಅಂದ್ರೆ ಸೋಫಾ ಒಳಗೆ. ಆಯ್ತಾ?"

"ಆಯ್ತು" ಎಂದರು ಅತ್ತಿಗೆ. ಅಂದಿನಿಂದ ಕೋಣೆಗೆ ಹೋಗುವಾಗಲೂ ಬರುವಾಗಲೂ ಸೋಫಾವನ್ನು ಬಳಸಿಕೊಂಡು ಓಡಾಡಿದರು. ಒಂದು ಸಲವೂ ಅದರ ಮೇಲೆ ಕೂರಲಿಲ್ಲ.

ಒಂದು ಕಾರಿನ ಗೇರ್‌ಬಾಕ್ಸನ್ನು ಇನ್ನೊಂದಕ್ಕೆ ಕೂರಿಸುವುದೆಂದರೆ ಏನೆಂದು ಗೊತ್ತಿಲ್ಲದವರು, ಒಬ್ಬರ ಚಪ್ಪಲಿ ಇನ್ನೊಬ್ಬರು ಹಾಕಿಕೊಂಡಂತೆ ಎಂದುಕೊಳ್ಳುತ್ತಾರೆ. ಇಲ್ಲಿ ಮೊದಲು ಕಾಲನ್ನೇ ಕೊಯ್ಯಬೇಕು. ಹೊಸ ಗೇರ್ ಪೆಟ್ಟಿಗೆಯ ಬೋಲ್ಟಿನ ತೂತುಗಳು ಇಂಜಿನ್ನಿನ ತೂತುಗಳಿಗೆ ಹೊಂದಲಿಲ್ಲ. ಅದಕ್ಕಾಗಿ ಎರಡರ ನಡುವೆ ಬೆರಳುದಪ್ಪದ ಅಲ್ಯೂಮಿನಿಯಂ ಪ್ಲೇಟೊಂದನ್ನು ಕೊರೆಸಬೇಕಾಯಿತು. ಶಾಫ್ಟಿನ ಗೀರುಗಳು ಹಳೆಯ ಕ್ಲಚ್ ಪ್ಲೇಟಿಗೆ ಕೂರಲಿಲ್ಲ, ಬೇರೆ ಪ್ಲೇಟು ಬಂತು. ಗೇರಿನ ಹಿಡಿ ನಾಲ್ಕು ಬೆರಳು ಹಿಂದಕ್ಕೆ ಬಂದು ಡ್ರೈವರನ ಮೊಣಕೈಗೆ ತಗುಲುವಂತಾದ್ದರಿಂದ ಅದನ್ನು ಮುಂದಕ್ಕೆ ಬಗ್ಗಿಸಿ, ಕಾರಿನ ನೆಲವನ್ನು ಕತ್ತರಿಸಿ ದಾರಿ ಮಾಡಿದರು. ಹೊಸ ಪೆಟ್ಟಿಗೆ ಉದ್ದವಾದ್ದರಿಂದ ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಗಿಡ್ಡವಾಗಬೇಕಿತ್ತು. ಇದ್ದ ಪೆಟ್ಟಿಗೆಗಿಂತ ಇಪ್ಪತ್ತು ಕಿಲೋ ಭಾರ ಬೇರೆ, ಅದನ್ನು ಹೊರಲು ಅಡಿಯಲ್ಲೊಂದು ಹೊಸ ಅಡ್ಡಪಟ್ಟಿ.

ಅತ್ತಿಗೆ ಮೂರು ವಾರ ಕಾರಿನ ಅಡಿಯಲ್ಲೇ ವಾಸ ಮಾಡಿದರು. ರಟ್ಟಿನ ಹಾಳೆ ಕತ್ತರಿಸಿ ತೂತುಗಳ ಅಚ್ಚು ತೆಗೆದರು. ಲೇತ್ ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದೇನತ್ತಿಗೆ, ಹೊಲಿಗೆ ಕ್ಲಾಸಾ?" ಎಂದರು.

"ಹೌದು ಮೇಸ್ತ್ರಿ, ಬಟ್ಟೆ ಮಾತ್ರ ಗಟ್ಟಿ. ನೀವು ಕೊರೆಯೋದು ಕೂದಲೆಳೆ ಆಚೆ ಹೋದ್ರೆ ರವಿಕೆ ಬಿಗಿಯಾಗುತ್ತೆ."

ಮೇಸ್ತ್ರಿ ಜೀವಮಾನದಲ್ಲಿ ಹೆಂಗಸರ ರವಿಕೆಯ ಬಗ್ಗೆ ಮಾತಾಡಿದವರಲ್ಲ. ಕೆಂಪಾಗಿ ಲೇತಿನ ಕಡೆ ತಿರುಗಿದವರು ಕೂದಲೆಳೆಯೂ ಆಚೀಚೆಯಾಗದಂತೆ ಕೊರೆದುಕೊಟ್ಟರು.

ಎಲ್ಲಕ್ಕಿಂತ ಮುಖ್ಯವಾದ ಅಳತೆ ಒಂದಿತ್ತು. ಗೇರ್‌ಬಾಕ್ಸಿನ ಮುಂದೆ, ಕ್ಲಚ್ಚನ್ನು ಮುಚ್ಚುವ ಗಂಟೆಯಾಕಾರದ ಒಂದು ಕವಚವಿರುತ್ತದೆ. ಬೆಲ್ ಹೌಸಿಂಗ್ ಎನ್ನುತ್ತಾರೆ. ಇಂಜಿನ್ನಿಗೆ ಆ ಅಲ್ಯೂಮಿನಿಯಂ ಪ್ಲೇಟು, ಅದರ ಮೇಲೆ ಈ ಕವಚ, ಅದರ ಹಿಂದೆ ಪೆಟ್ಟಿಗೆ. ಇಂಜಿನ್ನಿನ ನಡುಗೆರೆಯೂ ಪೆಟ್ಟಿಗೆಯ ನಡುಗೆರೆಯೂ ಒಂದೇ ಗೆರೆಯಾಗಬೇಕು. ಇಲ್ಲವಾದರೆ ಒಳಗೆ ಎರಡು ಶಾಫ್ಟು ಸೇರುವಲ್ಲಿರುವ ಪುಟ್ಟ ಬೇರಿಂಗು ದಿನವೂ ಹಿಂಸೆಪಟ್ಟು ಕೊನೆಗೊಂದು ದಿನ ಪುಡಿಯಾಗುತ್ತದೆ. ಮೇಳದ ವಾರದ ಮಂಗಳವಾರ ಅತ್ತಿಗೆ ಪ್ಲೇಟನ್ನೂ ಕವಚವನ್ನೂ ಇಂಜಿನ್ನಿಗೆ ಬಿಗಿದು, ಮಾವನ ಗೇಜನ್ನು ಇಂಜಿನ್ನಿನ ಬೆನ್ನಿಗಿರುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ ಕಚ್ಚಿಸಿ, ಅದರ ಕಡ್ಡಿಯನ್ನು ಕವಚಕ್ಕೆ ತಾಗಿಸಿ, ಇಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಐದು ಗೀಟಿನೊಳಗಿದ್ದರೆ ಒಳ್ಳೆಯದು. ಮುಳ್ಳು ಎರಡೇ ಗೀಟು ಅಲುಗಿ ನಿಂತಿತು. ಅತ್ತಿಗೆ ಕೂತಲ್ಲೇ ಕೂತು ಇನ್ನೊಂದು ಸುತ್ತು ತಿರುಗಿಸಿದರು. ಅಳತೆಗಲ್ಲ, ಚೆಂದಕ್ಕೆ.

ಆಮೇಲೆ ಕ್ಲಚ್ ಕೂರಿಸಲು ಎಲ್ಲವನ್ನೂ ಬಿಚ್ಚಿಟ್ಟು, ಬುಧವಾರ ಪ್ರೊಪೆಲ್ಲರ್ ಶಾಫ್ಟನ್ನು ಕಡಿಸಿ ತೂಕ ಸಮ ಮಾಡಿಸಲು ಊರಾಚೆಗೆ ಹೋದರು. ಇಡೀ ದಿನ ಅಲ್ಲೇ ಕಳೆಯಿತು.

ಗುರುವಾರ ಬೆಳಿಗ್ಗೆ ಬಂದು ನೋಡಿದರೆ ಮೇಜಿನ ಮೇಲೆ ಕೆಂಪು ಹೊಳೆಯುತ್ತಿತ್ತು. ಪ್ಲೇಟು ಕೆಂಪು, ಕವಚ ಕೆಂಪು. ಮುಖ ನೋಡಿಕೊಳ್ಳಬಹುದು, ಅಂಥ ಹೊಳಪು.

"ಇದ್ಯಾರೋ ಮಾಡಿದ್ದು?" ಎಂದು ಅತ್ತಿಗೆ ದನಿಯೆತ್ತುವಷ್ಟರಲ್ಲಿ ಮೈದುನ ಕವಚವನ್ನು ಮೆಲ್ಲಗೆ ತಿರುಗಿಸಿ ಇನ್ನೊಂದು ಮಗ್ಗುಲು ತೋರಿಸಿದ. ಕೆಂಪಿನ ಮೇಲೆ ಬಿಳಿಯ ದುಂಡು ಅಕ್ಷರಗಳಲ್ಲಿ 'ಅತ್ತಿಗೆ' ಎಂದು ಬರೆಸಿತ್ತು. ಕೆಳಗೊಂದು ಸಣ್ಣ ಬಳ್ಳಿ.

"ನಮ್ಮ ಬೋರ್ಡ್ ಬರೆಯೋನ ಹತ್ರ ಮಾಡಿಸ್ದೆ. ಮೇಳದಲ್ಲಿ ಕಾರು ಮೇಲೆತ್ತಿ ಅಡಿಯೆಲ್ಲ ನೋಡ್ತಾರಂತೆ. ಯಾರು ಮಾಡಿದ್ದು ಅಂತ ಗೊತ್ತಾಗ್ಲಿ ಅಂತ..." ಎಂದು ನೆಲ ನೋಡಿದ. ಸೋಫಾ ತಂದವನೂ ಇವನೇ, ಹೆಸರು ಬರೆಸಿದವನೂ ಇವನೇ. ಮನುಷ್ಯನ ಒಳಗೆ ಎಷ್ಟು ಕೋಣೆಗಳಿರುತ್ತವೋ.

ಇಪ್ಪತ್ತೆಂಟು ವರ್ಷದಲ್ಲಿ ಅತ್ತಿಗೆ ಕಟ್ಟಿದ ಗೇರ್‌ಬಾಕ್ಸುಗಳು ಊರೆಲ್ಲ ಓಡಾಡುತ್ತಿದ್ದವು. ಒಂದರ ಮೇಲೂ ಯಾರೂ ಏನೂ ಬರೆದಿರಲಿಲ್ಲ. "ಬಳ್ಳಿ ಯಾಕೆ ಬೇಕಿತ್ತು?" ಎಂದು ಮಾತ್ರ ಗೊಣಗಿ, ಆ ದಿನ ಎರಡು ಸಲ, ಯಾರೂ ಇಲ್ಲದಾಗ, ಸೆರಗಿನಿಂದ ಆ ಅಕ್ಷರಗಳನ್ನು ಒರೆಸಿದರು. ಆ ಸಂಭ್ರಮದಲ್ಲೇ ಕ್ಲಚ್ ಕೂತಿತು, ಪ್ಲೇಟು ಕೂತಿತು, ಕವಚ ಕೂತಿತು. ಗೇಜು ಮಾತ್ರ ಮರದ ಪೆಟ್ಟಿಗೆಯಲ್ಲೇ ಇತ್ತು. ಮಂಗಳವಾರ ಅಳೆದಾಗಿತ್ತಲ್ಲ.

ಶುಕ್ರವಾರ ಸಂಜೆಗೆ ಕಾರು ತನ್ನ ಕಾಲ ಮೇಲೆ ನಿಂತಿತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಡಾಕ್ಟರು ಬಿಳಿ ಅಂಗಿ, ತೊಗಲಿನ ಕೈಗವಸು ಹಾಕಿಕೊಂಡು ಬಂದರು. ಇಪ್ಪತ್ತು ನಿಮಿಷ ಓಡಿಸಿಕೊಂಡು ಬಂದವರ ಮುಖದಲ್ಲಿ ಹಲ್ಲುಗಳೆಲ್ಲ ಕಾಣುತ್ತಿದ್ದವು.

"ಅದ್ಭುತ! ಮೂರನೇ ಗೇರಲ್ಲಿ ಪೂರ್ತಿ ತುಳಿದೆ, ಏನೂ ಆಗ್ಲಿಲ್ಲ! ಒಂದೇ ಒಂದು... ಫಸ್ಟ್ ಗೇರು ಒಂಚೂರು ಹಟ ಮಾಡುತ್ತೆ. ಕ್ಲಚ್ ಒತ್ತಿದಾಗ ಸಣ್ಣಕ್ಕೆ ಕುಂಯ್ ಅನ್ನುತ್ತೆ. ಅಷ್ಟೇ."

"ಹೊಸದಲ್ವಾ ಸಾರ್, ಪಳಗುತ್ತೆ" ಎಂದ ಮೈದುನ ಥಟ್ಟನೆ.

"ಅದೇ ನಾನೂ ಅಂದ್ಕೊಂಡೆ. ನಾಳೆ ಮೇಳಕ್ಕೆ ಇಷ್ಟು ಸಾಕೋ ಸಾಕು!"

ಅತ್ತಿಗೆ ಕಾರಿನಲ್ಲಿ ಕೂತು ಇಂಜಿನ್ ಚಾಲೂ ಮಾಡಿದರು. ಕ್ಲಚ್ ಒತ್ತಿ ಗೇರಿಗೆ ಹಾಕಿ ಹಾಗೇ ಹಿಡಿದರು. ಕುಂಯ್. ಗೇರು ತಪ್ಪಿಸಿ ಬಿಟ್ಟರು, ಸದ್ದು ನಿಂತಿತು. ಒತ್ತಿದರು, ಕುಂಯ್. ಒಳಗೆ ಕೂತ ಆ ಪುಟ್ಟ ಬೇರಿಂಗಿನ ದನಿ ಅದು. ಪಳಗುವ ದನಿಯಲ್ಲ, ನರಳುವ ದನಿ.

ಸುಮ್ಮನಿದ್ದರೆ ನಡೆಯುತ್ತಿತ್ತು. ನಾಳೆ ಕಾರು ಮೇಳಕ್ಕೆ ಹೋಗುತ್ತಿತ್ತು, ಕೋಣೆ ಉಳಿಯುತ್ತಿತ್ತು, ಸೋಫಾ ನಡುದಾರಿಯಲ್ಲೇ ಮುದಿಯಾಗುತ್ತಿತ್ತು. ಬೇರಿಂಗು ಸಾಯುವ ಹೊತ್ತಿಗೆ ಆರು ತಿಂಗಳೋ ವರ್ಷವೋ ಆಗಿರುತ್ತಿತ್ತು. ಆಗ ಡಾಕ್ಟರ ತುಳಿತವನ್ನೇ ದೂರಿದರೂ ಎಲ್ಲರೂ ನಂಬುತ್ತಿದ್ದರು, ಮೊದಲು ಡಾಕ್ಟರೇ ನಂಬುತ್ತಿದ್ದರು. ಅತ್ತಿಗೆ ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಎದುರಿನ ಕಿಟಕಿಯನ್ನು ನೋಡಿದರು. ತಮ್ಮ ಕೋಣೆಯ ಕಿಟಕಿ. ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಆ ಹೊತ್ತಿಗೆ ಬಿಸಿಲು ಎಲ್ಲಿರುತ್ತದೆಂದು ಅವರಿಗೆ ಯಾವ ತಿಂಗಳಲ್ಲಾದರೂ ಗೊತ್ತಿರುತ್ತಿತ್ತು.

ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದರು.

"ಇಳಿಸ್ಬೇಕು" ಎಂದರು.

"ಏನು ಇಳಿಸೋದು?"

"ಗೇರ್‌ಬಾಕ್ಸು. ಕಟ್ಟಿದ್ದು ಸರಿಯಾಗಿಲ್ಲ."

"ಅತ್ತಿಗೆ, ನಾಳೆ ಮೇಳ!" ಡಾಕ್ಟರ ದನಿ ಸೀಳಿತು. "ನಾನೇ ಸರಿಯಾಗಿದೆ ಅಂತಿದ್ದೀನಲ್ಲ!"

"ನೀವು ಹಲ್ಲು ತುಂಬಿದ್ಮೇಲೆ ಬಂದವರು, 'ಸರಿಯಾಗಿದೆ ಬಿಡಿ ಡಾಕ್ಟ್ರೇ, ಮದುವೆ ಊಟಕ್ಕೆ ಹೋಗ್ಬೇಕು' ಅಂದ್ರೆ ಬಿಟ್ಟು ಕಳಿಸ್ತೀರಾ?"

ಡಾಕ್ಟರು ಕೈಗವಸನ್ನು ಒಂದೊಂದೇ ಬೆರಳಿನಿಂದ ಕಳಚಿದರು. ಮೈದುನ ಅತ್ತಿಗೆಯ ಹತ್ತಿರ ಬಂದು ಪಿಸುಗುಟ್ಟಿದ: "ಯೋಚನೆ ಮಾಡಿ ಹೇಳ್ತಿದ್ದೀರಾ? ನಮ್ಮ ಮಾತು ನೆನಪಿದೆ ತಾನೆ?"

"ನೆನಪಿದೆ ಕಣೋ. ಜ್ಯಾಕ್ ತಗೊಂಬಾ."

ಮಧ್ಯಾಹ್ನ ಮೂರಕ್ಕೆ ಪೆಟ್ಟಿಗೆಯೂ ಕ್ಲಚ್ಚೂ ಕೆಳಗಿಳಿದಿದ್ದವು, ಕೆಂಪು ಕವಚವನ್ನು ಮಾತ್ರ ಮತ್ತೆ ಇಂಜಿನ್ನಿಗೆ ಬಿಗಿದಾಗಿತ್ತು. ಅತ್ತಿಗೆ ಮರದ ಪೆಟ್ಟಿಗೆ ತೆರೆದು ಗೇಜು ಕೂರಿಸಿದರು. ಒಂದು ಸುತ್ತು. ಮುಳ್ಳು ಎರಡಲ್ಲ, ಐದಲ್ಲ, ಹತ್ತೊಂಬತ್ತು ಗೀಟು ಓಡಿತು.

ಕವಚ ಬಿಚ್ಚಿ ನೋಡಿದರೆ ಬೋರ್ಡ್ ಬರೆಯುವವನು ಎಂಥ ನಿಷ್ಠಾವಂತನೆಂದು ತಿಳಿಯಿತು. ಮಳೆ ಬಿಸಿಲಿಗೆ ಹತ್ತು ವರ್ಷ ತಡೆಯಬೇಕಾದ ಬೋರ್ಡಿಗೆ ಬಳಿಯುವಂತೆ ಮೂರು ಕೋಟು ಬಳಿದಿದ್ದ. ಇಂಜಿನ್ನಿಗೆ ಒರಗುವ ನುಣ್ಣನೆಯ ಮುಖವನ್ನೂ ಬಿಟ್ಟಿರಲಿಲ್ಲ, ಕವಚವನ್ನು ಜಾಗಕ್ಕೆ ಸರಿಯಾಗಿ ಹಿಡಿಯುವ ಪಿನ್ನಿನ ತೂತಿನ ಒಳಗೂ ಕುಂಚ ಆಡಿಸಿದ್ದ. ಒಣಗಲು ಮೊಳೆಗೆ ನೇತುಹಾಕಿದಾಗ ಬಣ್ಣ ಒಂದೇ ಅಂಚಿಗೆ ಇಳಿದು ದಪ್ಪಗೆ ಕೂತಿತ್ತು. ಅಷ್ಟರಿಂದ ಕವಚ ವಾರೆಯಾಗಿತ್ತು, ಅದರ ಹಿಂದಿನ ಪೆಟ್ಟಿಗೆಯೂ ವಾರೆ.

"ಈ ಪೇಂಟು ಯಾರ ಕೆಲಸ?" ಡಾಕ್ಟರು ಕೇಳಿದರು.

ಮೈದುನನ ಕಿವಿ ಕವಚದ ಬಣ್ಣಕ್ಕೆ ತಿರುಗಿತು.

"ಪೇಂಟು ಯಾರದಾದ್ರೂ ಆಗ್ಲಿ" ಎಂದರು ಅತ್ತಿಗೆ. "ಕೊನೇ ಬೋಲ್ಟ್ ಬಿಗಿದವಳು ನಾನು. ಬಿಗಿಯೋ ಮುಂಚೆ ಅಳೀಬೇಕಾದವಳು ನಾನು, ಅಳೀಲಿಲ್ಲ. ನನ್ನ ಹೆಸರು ನೋಡ್ಕೊಂಡು ಕೂತಿದ್ದೆ. ತಪ್ಪು ನಂದೇ ಡಾಕ್ಟ್ರೇ."

ಇಂಥ ಮಾತನ್ನು ಡಾಕ್ಟರು ಗ್ಯಾರೇಜಿನಲ್ಲಿರಲಿ, ತಮ್ಮ ಕಸುಬಿನವರ ಬಾಯಲ್ಲೂ ಕೇಳಿರಲಿಲ್ಲ. ಸ್ವಲ್ಪ ಹೊತ್ತು ಅತ್ತಿಂದಿತ್ತ ನಡೆದಾಡಿ, ಸೋಫಾಕ್ಕೆ ಮೊಣಕಾಲು ತಗುಲಿಸಿಕೊಂಡು, ಫೋನು ತೆಗೆದು "ನಾಳೆ ನನ್ನ ಕಾರು ಬರಲ್ಲ" ಎಂದು ಕ್ಲಬ್ಬಿಗೆ ಹೇಳಿದರು. ಆಮೇಲೆ ಬಂದು ಕವಚದ ಮುಂದೆ, ಬಿಳಿ ಅಂಗಿಯಲ್ಲೇ, ಕುಕ್ಕರುಗಾಲಲ್ಲಿ ಕೂತರು. ಅತ್ತಿಗೆ ಬ್ಲೇಡಿನಿಂದ ಬಣ್ಣ ಕೆರೆಯುತ್ತಿದ್ದರು.

"ಎಲ್ಲೆಲ್ಲಿ ಇನ್ನೂ ಎತ್ತರ ಇದೆ ಅಂತ ಹೇಗೆ ಗೊತ್ತಾಗುತ್ತೆ?"

"ನೀಲಿ ಬಣ್ಣ ಸವರಿ ಒತ್ತಿ ನೋಡ್ಬೇಕು. ಡಬ್ಬಿ ಒಣಗಿ ಹೋಗಿದೆ. ಈ ಕೆಲಸ ಯಾರು ಕೇಳ್ತಾರೆ ಈಗ?"

"ಒಂದು ನಿಮಿಷ" ಎಂದು ಡಾಕ್ಟರು ಎದ್ದು ಓಡಿದರು. ಕಾರಿನ ಹಿಂಬದಿಯಲ್ಲಿದ್ದ ಚೀಲದಿಂದ ಒಂದು ಪುಟ್ಟ ಪುಸ್ತಕದಂಥದ್ದನ್ನು ತಂದರು. ಎಲೆಗಿಂತ ತೆಳ್ಳನೆಯ ನೀಲಿ ಕಾಗದದ ಪಟ್ಟಿಗಳು. "ಹಲ್ಲು ತುಂಬಿದ್ಮೇಲೆ ಇದನ್ನಿಟ್ಟು ಕಚ್ಚಿಸ್ತೀವಿ. ಎತ್ತರ ಇದ್ದ ಕಡೆ ಮಾತ್ರ ನೀಲಿ ಬೀಳುತ್ತೆ."

ಅತ್ತಿಗೆ ಪಟ್ಟಿಯನ್ನು ಬೆರಳ ನಡುವೆ ಉಜ್ಜಿ ನೋಡಿದರು. ಅವರ ಮುಖದಲ್ಲಿ, ಗೇಜನ್ನು ಮೊದಲ ಸಲ ಕಂಡಾಗ ಇದ್ದಿರಬಹುದಾದ ಬೆಳಕು ಬಂತು. "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

ಪಟ್ಟಿಗಳನ್ನು ಸುತ್ತ ಅಂಟಿಸಿ, ಕವಚವನ್ನು ಒತ್ತಿ, ಬೋಲ್ಟು ಬಿಗಿದು, ಬಿಚ್ಚಿದರು. ಕೆಳಗಿನ ಅಂಚಿನಲ್ಲಿ ಎರಡು ಕಡೆ ನೀಲಿ ಚುಕ್ಕೆ.

"ಇಲ್ಲಿ ಕಚ್ಚುತ್ತಿದೆ" ಎಂದರು ಡಾಕ್ಟರು, ರೋಗಿಯ ಬಾಯಿಗೆ ಬಗ್ಗಿದವರಂತೆ ಬಗ್ಗಿ.

"ಕೆರೀರಿ ಮತ್ತೆ. ಮೆತ್ತಗೆ. ನೋವಾಗ್ಬಾರದು."

ಸಂಜೆಯ ದೀಪ ಹಾಕುವ ಹೊತ್ತಿಗೆ ಆ ಮುಖವೂ ಪ್ಲೇಟಿನ ಮುಖಗಳೂ ಮಂಗಳವಾರದಂತೆ ಬೆಳ್ಳಗಾಗಿದ್ದವು. ಮುಳ್ಳು ಎರಡು ಗೀಟಿಗೆ ಬಂದು ನಿಂತಿತು. ಹೊರಗಿನ ಕೆಂಪನ್ನೂ ಬಿಳಿ ಅಕ್ಷರವನ್ನೂ ಅತ್ತಿಗೆ ಮುಟ್ಟಲಿಲ್ಲ.

ಭಾನುವಾರ ಕ್ಲಬ್ಬಿನವರು ಮೇಳದಲ್ಲಿದ್ದಾಗ ಇಲ್ಲಿ ಕಾರು ಮತ್ತೆ ಜೋಡಣೆಯಾಯಿತು. ಅತ್ತಿಗೆ ಈ ಸಲ ಹೊಸ ಬೇರಿಂಗು ಹಾಕಿ, ಕೊನೆಯ ಬೋಲ್ಟಿಗೆ ಮುಂಚೆ ಇನ್ನೊಮ್ಮೆ ಅಳೆದರು. ಮಧ್ಯಾಹ್ನ ಅವರೇ ಓಡಿಸಿದರು, ಪಕ್ಕದಲ್ಲಿ ಡಾಕ್ಟರು. ಒಂದರಿಂದ ಎರಡು, ಎರಡರಿಂದ ಮೂರು, ಬೆಣ್ಣೆಯಲ್ಲಿ ಬೆರಳಾಡಿಸಿದಂತೆ. ಅವರು ರಸ್ತೆ ಬದಿ ನಿಲ್ಲಿಸಿ ಕ್ಲಚ್ ಒತ್ತಿ ಹಿಡಿದರು. ಸದ್ದಿಲ್ಲ. ಡಾಕ್ಟರು ಏನೋ ಹೇಳಲು ಹೊರಟರು.

"ಶ್... ಕೇಳಿಸ್ಕೊಳ್ಳಿ" ಎಂದರು ಅತ್ತಿಗೆ.

ಕೇಳಲು ಏನೂ ಇರಲಿಲ್ಲ. ಇಬ್ಬರೂ ಅದನ್ನೇ ಕೇಳುತ್ತ ಕೂತರು.

ಸಂಜೆ ಯಜಮಾನರು ಎರಡು ಖಾಲಿ ರಟ್ಟಿನ ಪೆಟ್ಟಿಗೆ ತಂದರು. ಲೈಬ್ರರಿಗೆ ಹೊಸ ಪುಸ್ತಕ ಬಂದ ಪೆಟ್ಟಿಗೆಗಳು. ಅತ್ತಿಗೆ ಮೇಜಿನ ಮೇಲಿನ ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಬಟ್ಟೆಯಲ್ಲಿ ಸುತ್ತಿ ತುಂಬಿದರು. ಯಜಮಾನರು ಮೂರು ಸಲ ಸೀನಿದರು.

"ನೀನು ಬಾಯ್ಮುಚ್ಕೊಂಡಿದ್ದಿದ್ರೆ..." ಎಂದು ಶುರುಮಾಡಿ ಅವರೇ ನಿಲ್ಲಿಸಿದರು. "ಇಲ್ಲ ಬಿಡು. ನಿನ್ನ ಕೈಲಿ ಅದಾಗಲ್ಲ."

"ಮಾವ ಇದ್ದಿದ್ರೆ ಬೈತಿದ್ರು, ಅಳೀದೇ ಇದ್ದಿದ್ದಕ್ಕೆ."

"ಬೈತಿದ್ರು. ಆಮೇಲೆ ನಂಗೆ ಹೇಳ್ತಿದ್ರು, ನಿನಗೆ ಗೊತ್ತಾಗದ ಹಾಗೆ: 'ನೋಡೋ, ಇಳಿಸಿದಳು' ಅಂತ." ಆಮೇಲೆ ನಾಲ್ಕನೆಯ ಸಲ ಸೀನಿದರು. ಗ್ರೀಸಿಗೋ ಇನ್ನಾವುದಕ್ಕೋ, ಅತ್ತಿಗೆ ಕೇಳಲಿಲ್ಲ. ಗೇಜಿನ ಮರದ ಪೆಟ್ಟಿಗೆಯನ್ನು ಮಾತ್ರ ರಟ್ಟಿನೊಳಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಮನೆಗೆ ಹೋದರು.

ಸೋಮವಾರ ಕೌಂಟರಿನಲ್ಲಿ ಕೂರಲೆಂದೇ ಒಗೆದ ಸೀರೆಯುಟ್ಟು ಬಂದರು. ನಡುದಾರಿ ಖಾಲಿಯಿತ್ತು. ಎಷ್ಟೋ ದಿನದ ಅಭ್ಯಾಸಕ್ಕೆ ಇಲ್ಲದ ಸೋಫಾವನ್ನು ಬಳಸಿಕೊಂಡೇ ನಡೆದು ಕೋಣೆಯ ಬಾಗಿಲಿಗೆ ಬಂದರು. ಸೋಫಾ ಒಳಗಿತ್ತು, ಕಿಟಕಿಯ ಗೋಡೆಗೆ ಒರಗಿಕೊಂಡು. ಅದರ ಎದುರಿಗೆ ಮೇಜು, ಇದ್ದ ಜಾಗದಲ್ಲೇ. ಮೇಜಿನ ಮೇಲೆ ಸ್ಪ್ಯಾನರುಗಳು, ಪೆಟ್ಟಿಗೆಯಿಂದ ತೆಗೆದು ಸಾಲಾಗಿ ಜೋಡಿಸಿದ್ದವು. ಸಾಲು ತಪ್ಪಾಗಿತ್ತು, ಹದಿನೇಳರ ಪಕ್ಕದಲ್ಲಿ ಹನ್ನೆರಡು. ಮೈದುನ ಎಂದೂ ಅಳತೆ ನೋಡಿ ಇಟ್ಟವನಲ್ಲ. ಅವನ ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರೂ ಇತ್ತು.

"ಇದೇನೋ ಇದು?"

"ಸೋಫಾ ಒಳಗೆ ಅಂದಿದ್ದೆ, ಒಳಗೆ ಹಾಕ್ದೆ. ನೀವು ಹೊರಗೆ ಅಂತ ನಾನೆಲ್ಲಂದೆ?" ಅವನು ಮುಖ ಕೊಡದೆ ಹದಿನೇಳನ್ನೂ ಹನ್ನೆರಡನ್ನೂ ಅದಲು ಬದಲು ಮಾಡಿದ. ಈಗ ಇನ್ನೂ ತಪ್ಪಾಯಿತು. "ಅತಿಥಿಗಳು ಕೂತ್ಕೊಂಡು ನೋಡ್ಲಿ. ಮೀನಿಗಿಂತ ಚೆನ್ನಾಗಿರುತ್ತೆ."

ಅತ್ತಿಗೆ ಒಳಗೆ ಬಂದರು.

"ಪೇಂಟ್ ಬಳಿಸಿದ್ದು ನಾನು ಅಂತ ರಾತ್ರಿ ಡಾಕ್ಟ್ರಿಗೆ ಫೋನ್ ಮಾಡಿ ಹೇಳ್ದೆ" ಎಂದ ಮೈದುನ ಗೋಡೆಗೆ.

"ಏನಂದ್ರು?"

"ಒಂದು ಸಲ ಬಂದು ಹಲ್ಲು ತೋರಿಸ್ಕೊಂಡು ಹೋಗಿ ಅಂದ್ರು. ನಾನು ಹೋಗಲ್ಲ."

ಅತ್ತಿಗೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಗೇಜಿನ ಪೆಟ್ಟಿಗೆಯನ್ನು ಅದರ ಮೂಲೆಯಲ್ಲಿಟ್ಟು, ಹನ್ನೆರಡನ್ನು ಹನ್ನೆರಡರ ಜಾಗಕ್ಕೆ ತಂದು, ಮೇಜಿನ ಅಡಿಯಿಂದ ಡಾಕ್ಟರ ಕಾರಿನ ಹಳೆಯ, ಹಲ್ಲು ಮುರಿದ ಗೇರ್‌ಬಾಕ್ಸನ್ನು ಎಳೆದರು. ಹೊಟ್ಟೆಗೆ ಆನಿಸಿಕೊಂಡು ಎತ್ತಿ, ಎರಡು ಹೆಜ್ಜೆ ನಡೆದು, ಸೋಫಾದ ನಟ್ಟನಡುವೆ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದರು. ಸೋಫಾ ನಿಟ್ಟುಸಿರಿಟ್ಟು ಒಂದು ಗೇಣು ಕುಸಿಯಿತು.

"ಅತ್ತಿಗೆ! ಅದು ಅತಿಥಿಗಳು ಕೂರೋ ಜಾಗ!"

"ಇದೂ ಅತಿಥಿನೇ ಕಣೋ" ಎಂದರು ಅತ್ತಿಗೆ, ಸ್ಪ್ಯಾನರಿಗೆ ಕೈ ಚಾಚುತ್ತ. "ಮೂರನೇ ಸಲ ಬಂದಿದೆ. ಕೂರ್ಲಿ ಬಿಡು."